ಹಬ್ಬದ ಸೀಸನ್‌ನಲ್ಲಿ ಪಾರ್ಸಲ್ ಗಾಡಿಯ ಹೆಲ್ಪರ್ ಆಗುವವರಿಗೆ: ಬೆಳಗಾವಿಯಲ್ಲಿ ಕೆಲಸ ಕಲಿಯುವ ಬಗೆ

ಗಣಪತಿ ಹಬ್ಬ ಮುಗಿಯುತ್ತಿದ್ದಂತೆ ಆನ್‌ಲೈನ್ ಅಂಗಡಿಗಳ ರಿಯಾಯಿತಿ ಮಾರಾಟದ ಹಂಗಾಮು ಶುರುವಾಗುತ್ತದೆ. ದಸರಾ, ದೀಪಾವಳಿ, ತುಳಸಿ ಲಗ್ನದ ನಂತರದ ಮದುವೆಗಳು, ಡಿಸೆಂಬರ್ ಕೊನೆಯ ರಜೆಗಳು ಒಂದರ ಹಿಂದೊಂದು ಬರುವುದರಿಂದ ಬೆಳಗಾವಿಯ ಪಾರ್ಸಲ್ ಹಬ್‌ಗಳಿಗೆ (ಮಾಲನ್ನು ವಿಂಗಡಿಸಿ ಗಾಡಿಗಳಿಗೆ ಕೊಡುವ ಕೇಂದ್ರಗಳಿಗೆ) ಖಾಯಂ ಹುಡುಗರಿಂದ ಸಾಗಿಸಲಾಗದಷ್ಟು ಮಾಲು ಬರುತ್ತದೆ, ಮತ್ತು ಆ ಎರಡು ಮೂರು ತಿಂಗಳಿಗೆಂದೇ ಗಾಡಿಗೊಬ್ಬರಂತೆ ಹೆಲ್ಪರ್‌ಗಳನ್ನು ತೆಗೆದುಕೊಳ್ಳುತ್ತಾರೆ. ಕಾಲೇಜು ಮುಗಿಸಿ ಪರೀಕ್ಷೆಗೆ ಓದುತ್ತಿರುವವರು, ಮುಂಗಾರಿನ ಬೆಳೆ ಕೊಯ್ಲಾಗಿ ಬಿಡುವಾದವರು, ಮಗ್ಗದ ಕೆಲಸ ಕಡಿಮೆಯಾದ ಮನೆಯವರು ಈ ಕೆಲಸಕ್ಕೆ ಬರುವುದುಂಟು.

ಈ ಕೆಲಸಕ್ಕೆ ಗಟ್ಟಿ ಕಾಲಿದ್ದರೆ ಸಾಕು ಎಂದು ಹೊಸಬರು ತಿಳಿದಿರುತ್ತಾರೆ. ಕಾಲು ಬೇಕೆಂಬುದು ನಿಜ. ಆದರೆ ಸಂಜೆ ಐದಕ್ಕೆ ಗಾಡಿ ಖಾಲಿಯಾಗಿ ಮರಳುತ್ತದೆಯೋ, ರಾತ್ರಿ ಒಂಬತ್ತಾದರೂ ಅರ್ಧ ಮಾಲು ಹಾಗೆಯೇ ಉಳಿದಿರುತ್ತದೆಯೋ ಎಂಬುದು ಬಹುಮಟ್ಟಿಗೆ ಬೆಳಿಗ್ಗೆ ಗಾಡಿ ಹಬ್ ಬಿಡುವ ಮೊದಲೇ ತೀರ್ಮಾನವಾಗಿರುತ್ತದೆ. ಎಣಿಸಿ ತೆಗೆದುಕೊಳ್ಳುವುದು, ಸರಿಯಾಗಿ ಜೋಡಿಸುವುದು, ವಿಳಾಸವನ್ನು ಓದಿ ಅರ್ಥ ಮಾಡಿಕೊಳ್ಳುವುದು ಎಂಬ ಮೂರು ಕೆಲಸಗಳನ್ನು ಮೊದಲ ವಾರದಲ್ಲಿ ಕಲಿತವರಿಗೆ ಓಡುವ ಪ್ರಸಂಗ ಕಡಿಮೆ. ಆದ್ದರಿಂದ ಈ ಲೇಖನದ ಹೆಚ್ಚಿನ ಭಾಗವನ್ನು ಅವುಗಳಿಗೇ ಮೀಸಲಿಟ್ಟಿದ್ದೇನೆ.

ಸೇರುವ ಮೊದಲು ಕೇಳಬೇಕಾದ ಮಾತು

ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ ಮತ್ತು ಫೋಟೊ ಇದ್ದರೆ ಸಾಮಾನ್ಯವಾಗಿ ಸಾಕಾಗುತ್ತದೆ. ಕೆಲವೆಡೆ ಪೊಲೀಸ್ ಪರಿಶೀಲನಾ ಪ್ರಮಾಣಪತ್ರವನ್ನೂ ಕೇಳುತ್ತಾರೆ. ಗಾಡಿ ಓಡಿಸುವ ಮಾತು ಬಂದರೆ ಮಾತ್ರ ಲೈಸೆನ್ಸ್ ಬೇಕಾಗುತ್ತದೆ. ಲೈಸೆನ್ಸ್ ಇಲ್ಲದ ಹೆಲ್ಪರ್ "ಸ್ವಲ್ಪ ಮುಂದಕ್ಕ ತೊಗೋ" ಎಂಬ ಮಾತಿಗೆ ಒಪ್ಪಿ ಸ್ಟೇರಿಂಗ್ ಹಿಡಿಯಬಾರದು, ಏಕೆಂದರೆ ಆ ನಾಲ್ಕು ಮಾರು ದೂರದಲ್ಲಿ ಏನಾದರೂ ಆದರೆ ವಿಮೆಯವರು ಕೈ ಎತ್ತುತ್ತಾರೆ. ಕೆಲಸ ಕೊಡುವುದಕ್ಕೆ ಮುಂಗಡವಾಗಿ ಠೇವಣಿಯನ್ನೋ ನೋಂದಣಿ ಶುಲ್ಕವನ್ನೋ ಫೋನಿನಲ್ಲಿ ಕೇಳುವವರು ಬಹುತೇಕ ವಂಚಕರೇ ಆಗಿರುತ್ತಾರೆ. ಹಾಗೆ ಹಣ ಕಳೆದುಕೊಂಡವರು ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ಕೊಡಬೇಕು.

ಕಾಗದಪತ್ರಗಳಿಗಿಂತ ಮುಖ್ಯವಾದದ್ದು ಸಂಬಳದ ಬಗೆ. ನಿಮಗೆ ಹಣ ಕೊಡುವವರು ಕಂಪನಿಯವರೋ ಗಾಡಿಯ ಗುತ್ತಿಗೆದಾರರೋ, ಕೂಲಿ ದಿನದ ಲೆಕ್ಕದ್ದೋ ಪಾರ್ಸಲಿನ ಲೆಕ್ಕದ್ದೋ, ಹಂಚಿಕೆಯಾಗದೆ ಮರಳಿದ ಪಾರ್ಸಲಿಗೆ ಏನೂ ಸಿಗುವುದಿಲ್ಲವೋ, ಮಾಲು ಕಡಿಮೆ ಬಿದ್ದರೆ ಯಾರ ಕೈಯಿಂದ ಹಿಡಿಯುತ್ತಾರೆ ಎಂಬ ಪ್ರಶ್ನೆಗಳನ್ನು ಮೊದಲ ದಿನವೇ ಕೇಳಿ, ಉತ್ತರವನ್ನು ವಾಟ್ಸಾಪ್ ಸಂದೇಶದಲ್ಲಾದರೂ ಬರೆಸಿಕೊಳ್ಳುವುದು ಒಳ್ಳೆಯದು. ಆ್ಯಪ್‌ನಲ್ಲಿ ನಿಮ್ಮದೇ ಹೆಸರಿನ ಲಾಗಿನ್ ಪಡೆದು ಪಾರ್ಸಲಿಗಿಷ್ಟು ಎಂದು ದುಡಿಯುವವರು ಗಿಗ್ ಕಾರ್ಮಿಕರ ಸಾಲಿಗೆ ಬರುವ ಸಾಧ್ಯತೆ ಹೆಚ್ಚು. ಅವರಿಗಾಗಿ ರಾಜ್ಯದಲ್ಲಿ 2025ರಲ್ಲಿ ಪ್ರತ್ಯೇಕ ಕಾನೂನು ಬಂದಿದ್ದು, ಕಾರ್ಮಿಕರಿಗೆ ಪಾವತಿಯಾಗುವ ಹಣದ ಮೇಲೆ ಶೇ. 1ರಿಂದ 5ರವರೆಗೆ ಕಲ್ಯಾಣ ಶುಲ್ಕವನ್ನು ಕಂಪನಿಗಳಿಂದ ಸಂಗ್ರಹಿಸಲು ಅದು ಅವಕಾಶ ಕೊಡುತ್ತದೆ. ಅದಕ್ಕೂ ಮೊದಲಿನಿಂದಲೇ ಇರುವ ರಾಜ್ಯದ ಗಿಗ್ ಕಾರ್ಮಿಕರ ವಿಮಾ ಯೋಜನೆಯಲ್ಲಿ ಅಪಘಾತದಿಂದ ಮರಣ ಸಂಭವಿಸಿದರೆ ಕುಟುಂಬಕ್ಕೆ ಒಟ್ಟು 4 ಲಕ್ಷ ರೂಪಾಯಿ ಸಿಗುತ್ತದೆ. ಗುತ್ತಿಗೆದಾರರ ಕೈಕೆಳಗೆ ದಿನಗೂಲಿ ಮಾಡುವ ಹೆಲ್ಪರ್‌ಗೆ ಈ ಬಾಗಿಲು ತೆರೆಯದಿದ್ದರೂ ಅಸಂಘಟಿತ ಕಾರ್ಮಿಕರಿಗಾಗಿ ಕೇಂದ್ರ ಸರ್ಕಾರ ನಡೆಸುವ ಇ-ಶ್ರಮ್ ನೋಂದಣಿಗೆ ಅಡ್ಡಿಯಿಲ್ಲ. ಸೀಸನ್ ಶುರುವಾದ ಮೇಲೆ ಇದಕ್ಕೆಲ್ಲ ಬಿಡುವು ಸಿಗುವುದಿಲ್ಲವಾದ್ದರಿಂದ ಮೊದಲೇ ಮಾಡಿಕೊಳ್ಳಬೇಕು.

ಬೆಳಗಿನ ಎಣಿಕೆ

ರಾತ್ರಿ ಬಂದ ಲಾರಿಯ ಮಾಲನ್ನು ಹಬ್ಬಿನಲ್ಲಿ ಬೆಳಗಿನ ಜಾವದಿಂದಲೇ ರೂಟಿನ ಪ್ರಕಾರ ಬೇರ್ಪಡಿಸುತ್ತಾರೆ. ನೀವು ತಲುಪುವ ಹೊತ್ತಿಗೆ ನಿಮ್ಮ ರೂಟಿನ ಚೀಲಗಳೂ ದೊಡ್ಡ ಡಬ್ಬಗಳೂ ಒಂದು ಮೂಲೆಯಲ್ಲಿ ಬಿದ್ದಿರುತ್ತವೆ. ಅಲ್ಲಿಂದ ಗಾಡಿಗೆ ಹೋಗುವ ಪ್ರತಿಯೊಂದು ಪಾರ್ಸಲನ್ನೂ ಸ್ಕ್ಯಾನ್ ಮಾಡಿದಾಗ ಅದು ರನ್‌ಶೀಟಿಗೆ, ಅಂದರೆ ಆ ದಿನ ನಿಮ್ಮ ಗಾಡಿ ಹಂಚಬೇಕಾದ ಪಾರ್ಸಲುಗಳ ಪಟ್ಟಿಗೆ, ಸೇರುತ್ತದೆ. ಸ್ಕ್ಯಾನ್ ಮಾಡಿದ ಕ್ಷಣದಿಂದ ಆ ಪಾರ್ಸಲಿನ ಹೊಣೆ ಹಬ್ಬಿನಿಂದ ನಿಮ್ಮ ಗಾಡಿಗೆ ದಾಟುತ್ತದೆ ಎಂಬುದನ್ನು ಹೊಸಬರು ಗಮನಿಸುವುದಿಲ್ಲ. ಇನ್‌ಚಾರ್ಜ್ ಅವಸರಪಡಿಸುತ್ತಾರೆ, ಹಿಂದಿನ ಗಾಡಿಯವರು ಹಾರ್ನ್ ಬಾರಿಸುತ್ತಾರೆ, ಆದರೂ ರನ್‌ಶೀಟಿನ ಸಂಖ್ಯೆ ಮತ್ತು ಕೈಯಲ್ಲಿರುವ ಪಾರ್ಸಲುಗಳ ಸಂಖ್ಯೆ ಎರಡೂ ತಾಳೆಯಾಗುವವರೆಗೆ ಗಾಡಿ ಹೊರಡಬಾರದು.

ಎಣಿಸುವಾಗಲೇ ಡಬ್ಬದ ಮೈಯನ್ನು ನೋಡಬೇಕು. ಒಂದೇ ಅಂಚಿನ ಮೇಲೆ ಎರಡು ಬಗೆಯ ಟೇಪ್ ಅಂಟಿದ್ದರೆ, ಮೂಲೆ ಒಳಗೆ ಕುಸಿದಿದ್ದರೆ, ಅಲುಗಾಡಿಸಿದಾಗ ಒಡೆದ ಸದ್ದು ಬಂದರೆ ಅಥವಾ ತಳ ಒದ್ದೆಯಾಗಿದ್ದರೆ ಅಂಥದನ್ನು ಬದಿಗಿಟ್ಟು, ಲೇಬಲ್ ಕಾಣುವಂತೆ ಫೋಟೊ ತೆಗೆದು, ಇನ್‌ಚಾರ್ಜ್‌ಗೆ ತೋರಿಸಿದ ಮೇಲೆಯೇ ತೆಗೆದುಕೊಳ್ಳಬೇಕು, ಇಲ್ಲವೇ ಬಿಡಬೇಕು. ಬಾಗಿಲಲ್ಲಿ ಗ್ರಾಹಕರು ಡಬ್ಬ ಒಡೆದಿದೆ ಎಂದಾಗ "ಮೊದಲೇ ಹಂಗ ಇತ್ರಿ" ಎಂಬ ಮಾತಿಗೆ ಫೋಟೊ ಇಲ್ಲದೆ ಬೆಲೆಯಿಲ್ಲ.

ಇನ್ನೊಂದು ವಿಷಯವನ್ನು ಒತ್ತಿ ಹೇಳಬೇಕು. ಅನೇಕ ಗಾಡಿಗಳಲ್ಲಿ ಡ್ರೈವರನ ಲಾಗಿನ್‌ನಲ್ಲಿ ಹೆಲ್ಪರ್ ಕೆಲಸ ಮಾಡುತ್ತಾನೆ, ಇಲ್ಲವೇ ರಜೆಯಲ್ಲಿರುವ ಮತ್ತೊಬ್ಬರ ಲಾಗಿನ್ ಬಳಸುತ್ತಾರೆ. ಮೊದಲನೆಯದು ಇಬ್ಬರ ನಡುವೆ ನಂಬಿಕೆಯಿಂದ ನಡೆದೀತು. ಎರಡನೆಯದಕ್ಕೆ ಒಪ್ಪಬಾರದು. ಯಾರ ಲಾಗಿನ್‌ನಲ್ಲಿ ಪಾರ್ಸಲ್ ಇದೆಯೋ ಅದರ ಹಣಕ್ಕೂ ಮಾಲಿಗೂ ಅವರೇ ಉತ್ತರ ಹೇಳಬೇಕಾಗುತ್ತದೆ, ಮತ್ತು ಲೆಕ್ಕ ತಪ್ಪಿದ ದಿನ ಎಲ್ಲರ ಬೆರಳೂ ಹೊಸ ಹೆಲ್ಪರ್ ಕಡೆಗೇ ತಿರುಗುತ್ತದೆ.

ಗಾಡಿಗೆ ಜೋಡಿಸುವ ಕ್ರಮ

ನಗರದೊಳಗೆ ಹೆಚ್ಚಾಗಿ ಬಳಕೆಯಾಗುವ ಛೋಟಾ ಹಾತಿಯಂಥ ಸಣ್ಣ ಸರಕು ಗಾಡಿಗೆ ಹಿಂದಿನಿಂದ ಒಂದೇ ಬಾಗಿಲು. ಮೊದಲು ಒಳಗೆ ಹೋದದ್ದು ಕೊನೆಗೆ ಹೊರಬರುತ್ತದೆ. ಆದ್ದರಿಂದ ರೂಟಿನ ಕೊನೆಯ ಓಣಿಯ ಮಾಲನ್ನು ಮೊದಲು ಒಳಗೆ, ಕ್ಯಾಬಿನ್‌ಗೆ ತಾಗಿಸಿ ಇಡಬೇಕು. ಭಾರದ್ದು ಕೆಳಗೆ, ಹಗುರವಾದದ್ದು ಮೇಲೆ ಎಂಬುದು ಎಲ್ಲರಿಗೂ ಗೊತ್ತಿದ್ದರೂ ಅವಸರದಲ್ಲಿ ಮೊದಲು ಮುರಿಯುವ ನಿಯಮ ಅದೇ. ಬಟ್ಟೆ, ಚಪ್ಪಲಿ, ಮೊಬೈಲ್ ಕವರಿನಂಥ ಸಣ್ಣ ಪೊಟ್ಟಣಗಳನ್ನು ಬಿಡಿಯಾಗಿ ಎಸೆದರೆ ಅವು ದೊಡ್ಡ ಡಬ್ಬಗಳ ಸಂದಿಗೆ ಜಾರಿ ಸಂಜೆಯವರೆಗೂ ಸಿಗುವುದಿಲ್ಲ. ಅಂಥವನ್ನು ಓಣಿಗೊಂದು ಚೀಲದಂತೆ ಕಟ್ಟಿ, ಚೀಲದ ಮೇಲೆ ಓಣಿಯ ಹೆಸರು ಬರೆಯಬೇಕು.

ಜೋಡಿಸುವಾಗ ಕೈಯಲ್ಲೊಂದು ದಪ್ಪ ಸ್ಕೆಚ್ ಪೆನ್ ಇರಲಿ. ಪಾರ್ಸಲನ್ನು ತಲುಪಿಸುವ ಸರದಿಯ ಸಂಖ್ಯೆಯನ್ನು ಅದರ ಎರಡು ಬದಿಗಳಲ್ಲಿ, ಅಂದರೆ ಗಾಡಿಯ ಬಾಗಿಲ ಕಡೆ ಕಾಣುವ ಬದಿಯಲ್ಲೊಮ್ಮೆ, ಮೇಲ್ಭಾಗದಲ್ಲೊಮ್ಮೆ, ಅಂಗೈ ಅಗಲಕ್ಕೆ ಬರೆಯಬೇಕು. ಲೇಬಲ್ ಹೊರಮುಖವಾಗಿರಬೇಕು. ಬಾರ್‌ಕೋಡ್ ಮೇಲೆ ಶಾಯಿ ತಾಗಬಾರದು. ಕಂಪನಿಯ ಹೊರಹೊದಿಕೆ ಇಲ್ಲದೆ ನೇರವಾಗಿ ತಯಾರಕರ ಡಬ್ಬದಲ್ಲಿಯೇ ಬಂದ ಮಿಕ್ಸರ್, ಪ್ರೆಶರ್ ಕುಕ್ಕರ್, ಟಿವಿಗಳ ಮೇಲೆ ಬರೆಯದೆ ಟೇಪಿನ ತುಂಡೊಂದನ್ನು ಅಂಟಿಸಿ ಅದರ ಮೇಲೆ ಬರೆಯಬೇಕು, ಏಕೆಂದರೆ ಹಬ್ಬದಲ್ಲಿ ಅವು ಮತ್ತೊಬ್ಬರಿಗೆ ಉಡುಗೊರೆಯಾಗಿ ಹೋಗುವಂಥವು. ಇಷ್ಟಕ್ಕೆ ಬೆಳಿಗ್ಗೆ ಅರ್ಧ ತಾಸು ಹೆಚ್ಚು ಹಿಡಿಯುತ್ತದೆ ಎಂದು ಡ್ರೈವರ್ ಗೊಣಗಬಹುದು. ಪ್ರತಿ ಮನೆಯೆದುರು ಗಾಡಿಯೊಳಗೆ ಬಗ್ಗಿ ಹುಡುಕುವ ಎರಡೆರಡು ನಿಮಿಷ ಉಳಿದದ್ದನ್ನು ಕಂಡ ಮೇಲೆ ಆ ಗೊಣಗಾಟ ನಿಲ್ಲುತ್ತದೆ.

ಅಕ್ಟೋಬರ್‌ನಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಸಹಿತ ಮಳೆ ಬರುವುದು ಬೆಳಗಾವಿಗೆ ಹೊಸದಲ್ಲ. ತೆರೆದ ಗಾಡಿಯಾದರೆ ತಾಡಪತ್ರಿ ಮತ್ತು ಹಗ್ಗವನ್ನು ಆಕಾಶ ನಿಚ್ಚಳವಾಗಿದ್ದ ದಿನವೂ ಒಯ್ಯಬೇಕು.

ವಿಳಾಸ ಓದುವುದು

ಈ ಊರಿನಲ್ಲಿ ಕೆಲಸದ ಅರ್ಧ ಭಾಗ ಇದೇ. ನಕ್ಷೆಯ ಗುರುತು ತೋರಿಸಿದಲ್ಲಿಗೆ ಹೋಗುವುದನ್ನು ಯಾರಾದರೂ ಮಾಡಬಲ್ಲರು. ಗುರುತು ತಪ್ಪಿದಾಗ ಲೇಬಲ್ ಓದಿ ಮನೆ ಹುಡುಕುವವರಿಗೇ ಮುಂದಿನ ವರ್ಷವೂ ಕರೆ ಬರುತ್ತದೆ.

ಮೊದಲು ಪಿನ್‌ಕೋಡ್ ನೋಡುವುದನ್ನು ರೂಢಿಸಿಕೊಳ್ಳಬೇಕು. 1972ರ ಆಗಸ್ಟ್ 15ರಂದು ಜಾರಿಗೆ ಬಂದ ಈ ಆರಂಕಿಯ ಪದ್ಧತಿಯಲ್ಲಿ ಮೊದಲ ಮೂರು ಅಂಕಿಗಳು ವಿಂಗಡಣೆಯ ಜಿಲ್ಲೆಯನ್ನೂ ಕೊನೆಯ ಮೂರು ಬಟವಾಡೆಯ ಅಂಚೆ ಕಚೇರಿಯನ್ನೂ ಸೂಚಿಸುತ್ತವೆ. ಶಹಾಪುರಕ್ಕೆ 590003, ಟಿಳಕವಾಡಿಗೆ 590006, ಉದ್ಯಮಬಾಗಕ್ಕೆ 590008, ನೆಹರೂ ನಗರಕ್ಕೆ 590010 ಎಂಬಂತೆ ನಿಮ್ಮ ರೂಟಿನ ನಾಲ್ಕಾರು ಸಂಖ್ಯೆಗಳು ಬಾಯಿಪಾಠವಾಗಿರಬೇಕು. 591ರಿಂದ ಶುರುವಾದದ್ದೆಲ್ಲ ದೂರದ ತಾಲ್ಲೂಕಿನದು ಎಂದು ಬದಿಗೆ ಸರಿಸಬಾರದು, ಏಕೆಂದರೆ ನಗರಕ್ಕೆ ತಾಗಿಯೇ ಇರುವ ಹಿಂಡಲಗಾದ ಪಿನ್ 591108.

ಪಿನ್ ಮತ್ತು ಊರಿನ ಹೆಸರು ಒಂದಕ್ಕೊಂದು ಹೊಂದದಿದ್ದಾಗ ಪಾರ್ಸಲ್ ದಾರಿ ತಪ್ಪಿ ಬಂದಿರುವ ಸಾಧ್ಯತೆ ಇರುತ್ತದೆ. ಯಾದಗಿರಿ ಜಿಲ್ಲೆಯಲ್ಲೊಂದು ಶಹಾಪುರವಿದೆ; ಅಲ್ಲಿನ ಪಿನ್ 585ರಿಂದ ಶುರುವಾಗುತ್ತದೆ. ನಮ್ಮ ಜಿಲ್ಲೆಯ ಖಾನಾಪುರದಂತೆ ಸಾಂಗ್ಲಿ ಜಿಲ್ಲೆಯಲ್ಲಿಯೂ ಒಂದು ಖಾನಾಪುರವಿದೆ. ನಗರದ ಪಕ್ಕದ ಬಸವನ ಕುಡಚಿಯೇ ಬೇರೆ, ಮೀರಜ್ ರೈಲು ಮಾರ್ಗದ ಮೇಲಿರುವ ರಾಯಬಾಗ ತಾಲ್ಲೂಕಿನ ಕುಡಚಿಯೇ ಬೇರೆ. ಇವೆರಡರ ನಡುವಿನ ಗೊಂದಲದಿಂದ ಪಾರ್ಸಲೊಂದು ಒಂದು ದಿನ ಪೂರ್ತಿ ಪ್ರವಾಸ ಮಾಡಿ ಬರಬಲ್ಲದು. 2014ರ ನವೆಂಬರ್ 1ರಂದು ಬೆಳಗಾವಿ, ವಿಜಯಪುರಗಳ ಹೆಸರು ಅಧಿಕೃತವಾಗಿ ಬದಲಾದರೂ ಜನ ಇಂದಿಗೂ ಹಳೆಯ ಕಾಗುಣಿತದಲ್ಲಿಯೇ ವಿಳಾಸ ತುಂಬುತ್ತಾರೆ. ಬಿಜಾಪುರ ಎಂಬ ಜಿಲ್ಲೆ ಛತ್ತೀಸಗಡದಲ್ಲಿಯೂ ಇರುವುದರಿಂದ ವಿಜಯಪುರದ ಹಬ್ಬಿನಲ್ಲಿ ಕೆಲಸಕ್ಕೆ ನಿಂತವರು ಪಿನ್ 586ರಿಂದ ಶುರುವಾಗಿದೆಯೇ ಎಂದು ನೋಡಿಯೇ ಪಾರ್ಸಲನ್ನು ಗಾಡಿಗೆ ಹಾಕುವುದು ಕ್ಷೇಮ. ಹೀಗೆ ತಪ್ಪಿ ಬಂದದ್ದನ್ನು ಹಬ್ಬಿನಲ್ಲಿಯೇ ಹೊರತೆಗೆದರೆ ಅದು ಅಂದೇ ಸರಿಯಾದ ದಾರಿ ಹಿಡಿಯುತ್ತದೆ. ಗಾಡಿಯಲ್ಲಿ ಸುತ್ತಿಸಿ ಸಂಜೆ ಮರಳಿಸಿದರೆ ಒಂದು ದಿನ ಹಾಳಾಗುತ್ತದೆ, ನಿಮ್ಮ ಲೆಕ್ಕದಲ್ಲೊಂದು ವಿಫಲ ಪಾರ್ಸಲೂ ಸೇರುತ್ತದೆ.

ನಗರದೊಳಗಿನ ಗೊಂದಲಗಳು ಇನ್ನೂ ಸೂಕ್ಷ್ಮವಾದವು. ಖಡೇಬಜಾರ ಎಂಬುದು ಬೆಳಗಾವಿಯ ಪೇಟೆಯಲ್ಲೊಂದಿದೆ, ಶಹಾಪುರದಲ್ಲಿ ಇನ್ನೊಂದಿದೆ. ಸ್ವಾತಂತ್ರ್ಯದ ಮೊದಲು ಶಹಾಪುರವು ಸಾಂಗ್ಲಿ ಸಂಸ್ಥಾನಕ್ಕೆ ಸೇರಿ, ತನ್ನದೇ ಪೇಟೆಯಿದ್ದ ಬೇರೆ ಊರಾಗಿತ್ತು ಎಂಬುದನ್ನು ತಿಳಿದವರಿಗೆ ಇದರಲ್ಲಿ ಆಶ್ಚರ್ಯವೇನಿಲ್ಲ. ಲಕ್ಷ್ಮೀ ಗಲ್ಲಿ, ಮಾರುತಿ ಗಲ್ಲಿ, ಪಾಟೀಲ ಗಲ್ಲಿಗಳಂತೂ ಸುತ್ತಲಿನ ಊರೂರಿಗೂ ಇವೆ. ಕಂಗ್ರಾಳಿಯಲ್ಲಿ ಬಿ.ಕೆ. ಮತ್ತು ಕೆ.ಎಚ್. ಎಂಬ ಎರಡು ಊರುಗಳಿದ್ದು, ಬುದ್ರುಕ (ದೊಡ್ಡದು) ಮತ್ತು ಖುರ್ದ (ಚಿಕ್ಕದು) ಎಂಬುದರ ಆ ಸಂಕ್ಷೇಪವನ್ನು ಗ್ರಾಹಕರು ಎಷ್ಟೋ ಸಲ ಬರೆಯುವುದೇ ಇಲ್ಲ. ಟಿಳಕವಾಡಿಯ ವಿಳಾಸಗಳಲ್ಲಿ ಫಸ್ಟ್ ಗೇಟ್, ಸೆಕೆಂಡ್ ಗೇಟ್, ಥರ್ಡ್ ಗೇಟ್ ಎಂದಿರುತ್ತದೆ. ಅವು ರೈಲ್ವೆ ಗೇಟುಗಳು. ಮನೆ ಹಳಿಯ ಈಚೆಗೋ ಆಚೆಗೋ ಎಂದು ಫೋನಿನಲ್ಲಿಯೇ ಕೇಳಿಕೊಳ್ಳದಿದ್ದರೆ ಕಣ್ಣಿಗೆ ಕಾಣುವ ಮನೆಗೆ ಸುತ್ತು ಬಳಸಿ ಹೋಗಬೇಕಾಗುತ್ತದೆ.

ವಿಳಾಸವನ್ನು ಕೆಳಗಿನಿಂದ ಮೇಲಕ್ಕೆ ಓದುವುದು ಒಳ್ಳೆಯ ಕ್ರಮ. ಪಿನ್, ಬಡಾವಣೆ, ಗಲ್ಲಿ, ಗುರುತಿನ ಜಾಗ, ಕೊನೆಗೆ ಮನೆಯ ಹೆಸರು. ಇಲ್ಲಿ ಮನೆ ಸಂಖ್ಯೆಗಿಂತ ಗುರುತಿನ ಜಾಗಕ್ಕೇ ಹೆಚ್ಚು ಬೆಲೆ. ಹನುಮಪ್ಪನ ಗುಡಿ, ಸಮುದಾಯ ಭವನ, ಹಾಲಿನ ಡೇರಿ, ಹಿಟ್ಟಿನ ಗಿರಣಿ ಇವುಗಳಲ್ಲಿ ಗಿರಣಿ ಮತ್ತು ಕಿರಾಣಿ ಅಂಗಡಿಯವರಿಗೆ ಓಣಿಯ ಪ್ರತಿ ಮನೆಯೂ ಗೊತ್ತಿರುತ್ತದೆ. ಪಾಟೀಲ, ದೇಸಾಯಿ, ಕುಲಕರ್ಣಿ ಎಂದು ಅಡ್ಡಹೆಸರು ಮಾತ್ರ ಹೇಳಿ ಕೇಳಿದರೆ ಉಪಯೋಗವಿಲ್ಲ, ಹೆಸರನ್ನೂ ಸೇರಿಸಿ ಕೇಳಬೇಕು. ಆದರೆ ಪಾರ್ಸಲಿನೊಳಗೆ ಏನಿದೆ, ಬೆಲೆ ಎಷ್ಟು, ಫೋನ್ ನಂಬರ್ ಏನು ಎಂಬುದನ್ನು ದಾರಿ ಹೇಳುವವರಿಗೆ ತೋರಿಸುವ ಅಗತ್ಯವಿಲ್ಲ.

ಒಂದು ಸಣ್ಣ ಪುಸ್ತಕವನ್ನು ಜೇಬಿನಲ್ಲಿಟ್ಟುಕೊಂಡು, ಹುಡುಕಿ ಸಿಕ್ಕ ಪ್ರತಿ ಕಠಿಣ ವಿಳಾಸದ ದಾರಿಯನ್ನು ಗಲ್ಲಿಯ ಹೆಸರಿನಡಿ ಬರೆದಿಡಬೇಕು. ಗಾಡಿ ಎಲ್ಲಿಯವರೆಗೆ ಹೋಗುತ್ತದೆ, ಎಲ್ಲಿಂದ ನಡೆಯಬೇಕು, ಯಾವ ಅಪಾರ್ಟ್‌ಮೆಂಟಿನಲ್ಲಿ ಲಿಫ್ಟ್ ಇಲ್ಲ, ಯಾವ ಮನೆಯಲ್ಲಿ ನಾಯಿ ಬಿಟ್ಟಿರುತ್ತಾರೆ, ಯಾವ ಆಫೀಸಿನಲ್ಲಿ ಊಟದ ಹೊತ್ತಿಗೆ ಯಾರೂ ಪಾರ್ಸಲ್ ತೆಗೆದುಕೊಳ್ಳುವುದಿಲ್ಲ ಎಂಬುದನ್ನೆಲ್ಲ ನಕ್ಷೆ ಹೇಳುವುದಿಲ್ಲ. ಅದಕ್ಕಾಗಿಯೇ ಮೊದಲ ಎರಡು ವಾರ ಒಂದೇ ರೂಟ್ ಕೊಡಿ ಎಂದು ಇನ್‌ಚಾರ್ಜ್‌ರನ್ನು ಕೇಳಿಕೊಳ್ಳಬೇಕು. ದಿನಕ್ಕೊಂದು ರೂಟಿನಲ್ಲಿ ತಿರುಗಿದವರು ಸೀಸನ್ ಮುಗಿದರೂ ಹೊಸಬರಾಗಿಯೇ ಉಳಿಯುತ್ತಾರೆ.

ಕ್ಯಾಂಪ್ ಎಂದು ಕರೆಯುವ ಸೇನಾ ದಂಡು ಪ್ರದೇಶಕ್ಕೆ ಬೇರೆಯದೇ ಶಿಸ್ತು ಬೇಕು. ಮರಾಠಾ ಲಘು ಪದಾತಿ ದಳದ ರೆಜಿಮೆಂಟಲ್ ಕೇಂದ್ರ ಅಲ್ಲಿದೆ, ಸಾಂಬ್ರಾದಲ್ಲಿ ವಾಯುಸೇನೆಯ ತರಬೇತಿ ಕೇಂದ್ರವಿದೆ. ಸೇನೆಯ ಗೇಟಿನ ಒಳಗೆ ಅನುಮತಿಯಿಲ್ಲದೆ ಕಾಲಿಡುವಂತಿಲ್ಲ. ಗ್ರಾಹಕರಿಗೆ ಫೋನ್ ಮಾಡಿ ಗೇಟಿಗೆ ಬರಲು ಹೇಳಿ ಅಲ್ಲಿಯೇ ಕೊಡಬೇಕು. ಬಟವಾಡೆಯ ಸಾಕ್ಷಿಗಾಗಿ ಆ್ಯಪ್ ಫೋಟೊ ಕೇಳಿದರೂ ಸೇನಾ ಆವರಣದಲ್ಲಿಯೂ ಗೇಟಿನ ಎದುರಿನಲ್ಲಿಯೂ ಕ್ಯಾಮೆರಾ ತೆಗೆಯಬಾರದು. ಒಟಿಪಿಯಿಂದಲೋ ಸಹಿಯಿಂದಲೋ ಮುಗಿಸುವ ದಾರಿಯನ್ನು ಹಬ್ಬಿನಲ್ಲಿ ಮೊದಲೇ ಕೇಳಿಕೊಂಡಿರಬೇಕು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕಡೆಗಾಗಲಿ, ನೆಹರೂ ನಗರದ ವೈದ್ಯಕೀಯ ಕಾಲೇಜಿನ ಕಡೆಗಾಗಲಿ ಹಾಸ್ಟೆಲುಗಳ ಪಾರ್ಸಲುಗಳಿದ್ದರೆ ಅವುಗಳನ್ನು ತರಗತಿ ಬಿಟ್ಟ ಮೇಲಿನ ಹೊತ್ತಿಗೆ ಇಟ್ಟುಕೊಳ್ಳಬೇಕು. ಉದ್ಯಮಬಾಗದ ಕಾರ್ಖಾನೆಗಳ ಪಾರ್ಸಲುಗಳಿಗೆ ಬೆಳಗಿನ ಹೊತ್ತೇ ಸರಿ.

ಫೋನು ಮತ್ತು ಬಾಗಿಲು

ಡ್ರೈವರ್ ಗಾಡಿ ಓಡಿಸುತ್ತಿರುವಾಗ ಮುಂದಿನ ನಾಲ್ಕೈದು ಮನೆಗಳಿಗೆ ಕರೆ ಮಾಡುವುದು ಹೆಲ್ಪರ್‌ನ ಕೆಲಸ. ದಿನವಿಡೀ ಅಪರಿಚಿತರಿಗೆ ಕರೆ ಮಾಡುವ ನಂಬರುಗಳನ್ನು ಜನರ ಫೋನುಗಳು ಸ್ಪ್ಯಾಮ್ ಎಂದು ತೋರಿಸತೊಡಗುತ್ತವೆ, ಆಗ ಕರೆ ಎತ್ತುವವರು ಕಡಿಮೆಯಾಗುತ್ತಾರೆ. ಎರಡು ಸಲ ಎತ್ತದಿದ್ದರೆ ಕನ್ನಡದಲ್ಲಿ ಒಂದು ಸಾಲಿನ ಸಂದೇಶ ಕಳುಹಿಸಬೇಕು: ಯಾರ ಹೆಸರಿನ ಪಾರ್ಸಲ್, ಎಷ್ಟು ಹೊತ್ತಿಗೆ ಬರುತ್ತೇವೆ, ಹಣ ಕೊಡಬೇಕಾದದ್ದು ಎಷ್ಟು. ಈ ಊರಿನಲ್ಲಿ ಕನ್ನಡದ ಜೊತೆಗೆ ಮರಾಠಿ ಮತ್ತು ಉರ್ದು ಮಾತನಾಡುವವರೂ ಓಣಿ ಓಣಿಯಲ್ಲಿದ್ದಾರೆ. ಆ ಭಾಷೆಗಳಲ್ಲಿ ಪಾರ್ಸಲ್ ಬಂದಿದೆ, ಎಲ್ಲಿದ್ದೀರಿ, ಎಷ್ಟು ಹಣ ಎಂಬ ಮೂರು ಮಾತು ಬಂದರೂ ಕೆಲಸ ಸಲೀಸಾಗುತ್ತದೆ.

ಒಟಿಪಿಯನ್ನು ಫೋನಿನಲ್ಲಿ ಕೇಳಲೇಬಾರದು. ಕೊರಿಯರ್‌ನವರೆಂದು ಹೇಳಿಕೊಂಡು ಒಟಿಪಿ ಪಡೆಯುವ, ಇಲ್ಲವೇ ಸ್ಟಾರ್ 401 ಸ್ಟಾರ್ ಎಂದು ಒತ್ತಿಸಿ ಕರೆಗಳನ್ನು ತಮ್ಮ ನಂಬರಿಗೆ ತಿರುಗಿಸಿಕೊಳ್ಳುವ ವಂಚನೆ ವ್ಯಾಪಕವಾಗಿರುವುದರಿಂದ ಗ್ರಾಹಕರು ಅನುಮಾನಪಡುವುದು ಸರಿಯೇ. ಪಾರ್ಸಲನ್ನು ಅವರ ಕೈಗೆ ತೋರಿಸಿ, ಹೆಸರು ಓದಿ, ಆಮೇಲೆ "ಅಕ್ಕಾರ, ನಿಮ್ಮ ಪಾರ್ಸಲ್ ಬಂದೈತ್ರಿ. ಫೋನಿಗೆ ಒಂದು ನಂಬರ್ ಬಂದಿರ್ತೈತಿ, ನೋಡಿ ಹೇಳ್ರಿ" ಎಂದರೆ ಯಾರಿಗೂ ಸಂಶಯ ಬರುವುದಿಲ್ಲ. ವಯಸ್ಸಾದ ಅಜ್ಜ ಅಜ್ಜಿಯರು ಫೋನನ್ನೇ ನಿಮ್ಮ ಕೈಗೆ ಕೊಟ್ಟು "ನೀನ ನೋಡಪಾ" ಎನ್ನುವುದುಂಟು. ಆಗ ಫೋನನ್ನು ಅವರ ಕೈಯಲ್ಲಿಯೇ ಇರಿಸಿ, ಸಂದೇಶ ಎಲ್ಲಿದೆ ಎಂದು ಬೆರಳಿನಿಂದ ತೋರಿಸುವುದು ಲೇಸು.

ಬಾಗಿಲು ತಟ್ಟಿದ ಮೇಲೆ ಎರಡು ಹೆಜ್ಜೆ ಹಿಂದೆ ಸರಿದು ನಿಲ್ಲಬೇಕು. ಮಧ್ಯಾಹ್ನದ ಹೊತ್ತಿನಲ್ಲಿ ಮನೆಯಲ್ಲಿ ಒಬ್ಬರೇ ಹೆಣ್ಣುಮಕ್ಕಳು ಇರುತ್ತಾರೆ ಎಂಬುದನ್ನು ಮರೆಯಬಾರದು. ಪಾರ್ಸಲನ್ನು ಹೊಸ್ತಿಲ ಮೇಲೆ ಇಡುವುದು, ರಂಗೋಲಿ ತುಳಿದು ಬರುವುದು ಹಬ್ಬದ ದಿನ ಬೈಗುಳಕ್ಕೆ ದಾರಿ. ದೀಪಾವಳಿಯ ಸಂಜೆ ಮೆಟ್ಟಿಲುಗಳ ಮೇಲೆ ಪಣತಿಗಳಿರುತ್ತವೆ. ರಟ್ಟಿನ ದೊಡ್ಡ ಡಬ್ಬ ಎತ್ತಿಕೊಂಡವರಿಗೆ ಕಾಲಡಿಯ ದೀಪ ಕಾಣುವುದಿಲ್ಲ, ಹಾಗಾಗಿ ಮನೆಯವರನ್ನೇ ಹೊರಗೆ ಕರೆಯುವುದು ಉತ್ತಮ.

ಮನೆಯಲ್ಲಿ ಯಾರೂ ಇಲ್ಲದಿದ್ದರೆ ಗ್ರಾಹಕರು ಫೋನಿನಲ್ಲಿ ಹೇಳಿದ ನೆರೆಯವರಿಗೆ ಕೊಟ್ಟು, ತೆಗೆದುಕೊಂಡವರ ಹೆಸರನ್ನು ನಮೂದಿಸಬೇಕು. ಹೇಳದೆ ಕಾಂಪೌಂಡ್ ಒಳಗೆ ಎಸೆಯಬಾರದು. ಹೊತ್ತು ಮೀರಿದಾಗ ಹೋಗದೆಯೇ "ಗ್ರಾಹಕರು ಸಿಗಲಿಲ್ಲ" ಎಂದು ಒತ್ತಿಬಿಡುವ ಚಾಳಿ ಈ ಕ್ಷೇತ್ರದಲ್ಲಿದೆ, ಹಳಬರು ಹೊಸಬರಿಗೆ ಅದನ್ನು ಉಪಾಯವೆಂದೇ ಹೇಳಿಕೊಡುತ್ತಾರೆ. ಇದಕ್ಕೆ ನನ್ನ ಸಮ್ಮತಿಯಿಲ್ಲ. ದಿನವಿಡೀ ಮನೆಯಲ್ಲಿಯೇ ಕಾದವರ ಫೋನಿಗೆ ಆ ಸಂದೇಶ ಹೋದ ಕೂಡಲೇ ದೂರು ದಾಖಲಾಗುತ್ತದೆ, ಮರುದಿನ ಅದೇ ಪಾರ್ಸಲ್ ಹಿಡಿದು ಅದೇ ಬಾಗಿಲಿಗೆ ಹೋಗಬೇಕಾದವರು ನೀವೇ. ಹೊತ್ತು ಸಾಲಲಿಲ್ಲ ಎಂಬ ಕಾರಣವನ್ನೇ ನಮೂದಿಸಿ ಎಂದು ಇನ್‌ಚಾರ್ಜ್‌ಗೆ ಹೇಳುವುದು ಕಷ್ಟವಾದರೂ ಅದೇ ಸರಿ.

ಹಣದ ವಿಷಯ

ಕ್ಯಾಶ್ ಆನ್ ಡೆಲಿವರಿ ಇನ್ನೂ ನಮ್ಮ ಕಡೆ ಬಹಳ ನಡೆಯುತ್ತದೆ. ಬೆಲೆಗಳು 399, 499, 799 ಎಂದಿರುವುದರಿಂದ ಬೆಳಿಗ್ಗೆ ಹೊರಡುವಾಗಲೇ ಹತ್ತು, ಇಪ್ಪತ್ತರ ನೋಟುಗಳನ್ನೂ ನಾಣ್ಯಗಳನ್ನೂ ಇಟ್ಟುಕೊಳ್ಳಬೇಕು. ನೋಟುಗಳನ್ನು ಗ್ರಾಹಕರ ಎದುರಿನಲ್ಲಿಯೇ ಎಣಿಸಿ, ಮೊತ್ತವನ್ನು ಬಾಯಿಬಿಟ್ಟು ಹೇಳಿ, ನಂತರ ಪಾರ್ಸಲ್ ಕೊಡಬೇಕು. ಯುಪಿಐ ಆದರೆ ಆ್ಯಪ್ ತೋರಿಸುವ ಕ್ಯೂಆರ್ ಮಾತ್ರ ಬಳಸಬೇಕು. ಸ್ವಂತ ಖಾತೆಗೆ ಹಾಕಿಸಿಕೊಂಡು ಸಂಜೆ ನಗದು ಕಟ್ಟುತ್ತೇನೆ ಎಂಬುದು ಎಷ್ಟೇ ಪ್ರಾಮಾಣಿಕ ಮನಸ್ಸಿನಿಂದ ಮಾಡಿದರೂ ದುರುಪಯೋಗದಂತೆಯೇ ಕಾಣುತ್ತದೆ. ಗ್ರಾಹಕರ ಫೋನಿನಲ್ಲಿ ಕಂಡ ಹಸಿರು ಗುರುತು ಪಾವತಿಗೆ ಸಾಕ್ಷಿಯಾಗುವುದಿಲ್ಲ. ನಿಮ್ಮ ಉಪಕರಣದಲ್ಲಿ ಹಣ ಬಂತೆಂದು ತೋರಿಸುವವರೆಗೆ ಕಾಯಬೇಕು. ಮೊಬೈಲ್ ಫೋನಿನಂಥ ಬೆಲೆಬಾಳುವ ಮಾಲಿಗೆ ಓಪನ್ ಬಾಕ್ಸ್ ಡೆಲಿವರಿ ಎಂದಿದ್ದರೆ ಗ್ರಾಹಕರ ಎದುರಿನಲ್ಲಿ ಡಬ್ಬ ತೆರೆದು, ಅವರು ಒಳಗಿನದನ್ನು ನೋಡಿ ಒಪ್ಪಿದ ಮೇಲೆಯೇ ಒಟಿಪಿ ಹಾಕಬೇಕು.

ಭಾರದ ಮಾಲು

ಫ್ರಿಜ್, ವಾಷಿಂಗ್ ಮಷೀನ್‌ಗಳು ಹಬ್ಬದಲ್ಲಿ ಹೆಚ್ಚು. ಎತ್ತುವಾಗ ಸೊಂಟ ಬಗ್ಗಿಸದೆ ಮಂಡಿ ಮಡಚಿ ಕುಳಿತು, ಡಬ್ಬವನ್ನು ಮೈಗೆ ಹತ್ತಿರ ಹಿಡಿದು ಕಾಲಿನ ಬಲದಿಂದ ಏಳಬೇಕು; ಎತ್ತಿದ ಮೇಲೆ ಸೊಂಟ ತಿರುಚದೆ ಪಾದಗಳನ್ನೇ ತಿರುಗಿಸಬೇಕು. ಫ್ರಿಜ್ಜನ್ನು ನಿಲ್ಲಿಸಿಯೇ ಸಾಗಿಸಬೇಕು. ಮಲಗಿಸಿದರೆ ಕಂಪ್ರೆಸರಿನ ಎಣ್ಣೆ ಕೊಳವೆಗಳಿಗೆ ಹರಿಯುತ್ತದೆ, ಅನಿವಾರ್ಯವಾಗಿ ಮಲಗಿಸಿ ತಂದಿದ್ದರೆ ಕೆಲವು ತಾಸು ನಿಲ್ಲಿಸಿಟ್ಟು ಆಮೇಲೆ ಚಾಲೂ ಮಾಡಲು ಮನೆಯವರಿಗೆ ಹೇಳಬೇಕು. ಟಿವಿಯನ್ನು ಮಲಗಿಸಿ ಮೇಲೆ ಇನ್ನೊಂದು ಡಬ್ಬ ಹೇರಿದರೆ ಪರದೆ ಬಿರಿಯುತ್ತದೆ. ಹಳೆಯ ಪೇಟೆಯ ಮನೆಗಳ ಮೆಟ್ಟಿಲುಗಳು ಬಲು ಕಿರಿದು. ಎತ್ತಿದ ಮೇಲೆ ನಡುವೆ ಸಿಕ್ಕಿಕೊಳ್ಳುವುದಕ್ಕಿಂತ ಮೊದಲು ಒಬ್ಬರು ಹೋಗಿ ಮೆಟ್ಟಿಲಿನ ತಿರುವನ್ನು ಗೇಣಿನಲ್ಲಾದರೂ ಅಳೆದು ಬರಬೇಕು. ಬೆರಳು ಮುಚ್ಚುವ, ಅಡಿ ಜಾರದ ಬೂಟು ಹಾಕಿಕೊಳ್ಳಬೇಕು. ಮಾಲು ಹೆಚ್ಚಾದ ದಿನ ಹೆಲ್ಪರ್‌ನನ್ನು ಗಾಡಿಯ ಹಿಂಭಾಗದಲ್ಲಿ ಕೂರಿಸುವುದು ಕಾನೂನಿಗೆ ವಿರುದ್ಧ, ಜೀವಕ್ಕೂ ಅಪಾಯ, ಅದಕ್ಕೆ ಒಪ್ಪಬಾರದು.

ರಸ್ತೆ ಬಂದ್ ಆಗುವ ದಿನಗಳು

ನವೆಂಬರ್ 1ರ ರಾಜ್ಯೋತ್ಸವದ ಮೆರವಣಿಗೆಗೆ ಕಿತ್ತೂರು ರಾಣಿ ಚನ್ನಮ್ಮ ವೃತ್ತದ ಸುತ್ತ ಲಕ್ಷಾಂತರ ಜನ ಸೇರುತ್ತಾರೆ, ಅಂದು ನಗರದ ಮಧ್ಯಭಾಗಕ್ಕೆ ಗಾಡಿ ಒಯ್ಯುವ ಆಸೆಯನ್ನೇ ಬಿಡಬೇಕು. ದೀಪಾವಳಿಯ ಹಿಂದಿನ ವಾರ ಗಣಪತ ಗಲ್ಲಿ, ಮಾರುತಿ ಗಲ್ಲಿ, ರಾಮದೇವ ಗಲ್ಲಿಗಳಲ್ಲಿ ಮಧ್ಯಾಹ್ನದ ಮೇಲೆ ನಡೆಯುವುದಕ್ಕೂ ಜಾಗವಿರುವುದಿಲ್ಲ. ಅಲ್ಲಿನ ಅಂಗಡಿಗಳ ಪಾರ್ಸಲುಗಳನ್ನು ಬೆಳಿಗ್ಗೆ ಅಂಗಡಿ ತೆರೆಯುವ ಹೊತ್ತಿಗೆ, ಗಾಡಿಯನ್ನು ದೂರ ನಿಲ್ಲಿಸಿ, ಚೀಲದಲ್ಲಿ ಹೊತ್ತು ಮುಗಿಸಿಬಿಡಬೇಕು. ಚಳಿಗಾಲದ ಅಧಿವೇಶನ ಸುವರ್ಣ ವಿಧಾನಸೌಧದಲ್ಲಿ ನಡೆಯುವ ದಿನಗಳಲ್ಲಿ ಹಲಗಾ ಕಡೆಯ ಹೆದ್ದಾರಿಯಲ್ಲಿ ಪ್ರತಿಭಟನೆಗಳಿಂದಲೂ ಗಣ್ಯರ ಓಡಾಟದಿಂದಲೂ ಸಂಚಾರ ನಿಲ್ಲುವುದುಂಟು. ಅಂಥ ದಿನ ರೂಟಿನ ಸರದಿಯನ್ನು ಬೆಳಿಗ್ಗೆ ಲೋಡ್ ಮಾಡುವಾಗಲೇ ಬದಲಿಸಬೇಕು. ಗಾಡಿ ತುಂಬಿ ಹೊರಟ ಮೇಲೆ ಬದಲಿಸಲು ಹೊರಟರೆ ಬೇಕಾದ ಪಾರ್ಸಲ್ ಯಾವಾಗಲೂ ಎಲ್ಲದರ ಹಿಂದೆಯೇ ಇರುತ್ತದೆ.

ಸಂಜೆಯ ಲೆಕ್ಕ ಮತ್ತು ಕೊನೆಯ ದಿನ

ಹಬ್ಬಿಗೆ ಮರಳಿದ ಮೇಲೆ ಉಳಿದ ಪಾರ್ಸಲುಗಳು, ಗ್ರಾಹಕರಿಂದ ವಾಪಸ್ ತಂದವು, ಕಟ್ಟಬೇಕಾದ ನಗದು ಎಂದು ಮೂರು ಲೆಕ್ಕಗಳಿರುತ್ತವೆ. ಮೂರನ್ನೂ ಬೇರೆ ಬೇರೆಯಾಗಿ ಒಪ್ಪಿಸಿ, ಪ್ರತಿಯೊಂದಕ್ಕೂ ಸ್ಕ್ಯಾನ್ ಆಗಿದೆಯೇ ಎಂದು ನೋಡಬೇಕು. ವಾಪಸ್ ತರುವ ಮಾಲನ್ನು ಗ್ರಾಹಕರ ಮನೆಯಲ್ಲಿಯೇ ತೆರೆದು, ಆ್ಯಪ್‌ನಲ್ಲಿರುವ ಚಿತ್ರದೊಂದಿಗೆ ಹೋಲಿಸಿ ತೆಗೆದುಕೊಂಡಿರಬೇಕು. ಸೀರೆಯ ಬದಲು ಹಳೆಯ ಬಟ್ಟೆ ಇಟ್ಟು ಕೊಡುವವರೂ ಇದ್ದಾರೆ. ನಗದು ಕಟ್ಟುವಾಗ ಎಷ್ಟರ ನೋಟು ಎಷ್ಟು ಎಂದು ಚೀಟಿಯಲ್ಲಿ ಬರೆದು, ತೆಗೆದುಕೊಂಡವರ ಸಹಿ ಮಾಡಿಸಿ ಫೋಟೊ ಇಟ್ಟುಕೊಳ್ಳಬೇಕು. ದಣಿದ ಹೊತ್ತಿನಲ್ಲಿ "ನಾಳೆ ನೋಡೂಣು ಬಿಡ್ರಿ" ಎಂದು ಬಿಟ್ಟ ವ್ಯತ್ಯಾಸ ತಿಂಗಳ ಕೊನೆಗೆ ಸಂಬಳದಲ್ಲಿ ಕಡಿತವಾಗಿ ಕಾಣಿಸಿಕೊಳ್ಳುತ್ತದೆ.

ಸೀಸನ್ನಿನ ಕೊನೆಯ ವಾರ ನಿಮ್ಮ ಹಾಜರಿಯ ದಿನಗಳನ್ನು ಗುತ್ತಿಗೆದಾರರ ಪುಸ್ತಕದೊಂದಿಗೆ ತಾಳೆ ನೋಡಿಕೊಳ್ಳಬೇಕು. ಐಡಿ ಕಾರ್ಡ್, ಚೀಲ, ಸ್ಕ್ಯಾನರ್ ಮರಳಿಸಿದ್ದಕ್ಕೆ ಬರಹದಲ್ಲಿ ಒಪ್ಪಿಗೆ ಪಡೆದು, ನಿಮ್ಮ ಹೆಸರಿನ ಲಾಗಿನ್ ಮುಚ್ಚಿಸಿ, ಅದರ ಮೇಲೆ ಬಾಕಿ ನಗದು ಏನೂ ಇಲ್ಲ ಎಂಬುದನ್ನು ಪರದೆಯ ಮೇಲೆ ಕಣ್ಣಾರೆ ನೋಡಿಯೇ ಹಬ್ ಬಿಡಬೇಕು. ಅನುಭವ ಪತ್ರವನ್ನು ಕೊನೆಯ ಸಂಬಳ ಕೈಗೆ ಬರುವ ದಿನವೇ ಕೇಳಿ ತೆಗೆದುಕೊಳ್ಳುವುದು ಒಳ್ಳೆಯದು. ಇನ್‌ಚಾರ್ಜ್ ಮತ್ತೊಂದು ಊರಿಗೆ ವರ್ಗವಾಗಿ ಹೋದರೆ ಅದನ್ನು ಬರೆದುಕೊಡುವವರೇ ಸಿಗುವುದಿಲ್ಲ.